ಅಪ್ಪನ ಹಾವಿಗೆ ಹಾಸಿಗೆ

ಕೇಟಾ, ಆಗಸ್ಟ್ ೧೪, ಗುರುವಾರ

ಹಾವಿನ ಉಸಿರು ಇನ್ನೂ ಗೊರಗೊರ ಅನ್ನುತ್ತಿದೆ. ತಪ್ಪು ನನ್ನದೇ. ಅಪ್ಪ ಸಾಕಿದ ಹೆಬ್ಬಾವು ಚೆನ್ನಾಗಿ ಮಲಗಲಿ ಅಂತ, ಅವನ ಶವಪೆಟ್ಟಿಗೆ ಮಾಡಿದ ಬಡಗಿಯ ಹತ್ತಿರವೇ ಘಮಘಮಿಸುವ ಮರದ ಹೊಟ್ಟು ತಂದು ಹಾಸಿದ್ದೆ.

"ಅಲ್ಲಕ್ಕ, ಆ ಘಾಟು ಹಾವಿಗೆ ವಿಷ! ಬರೀ ಕಾಗದ ಹಾಸು, ಅಚ್ಚಾದ ಕಡೆ ಕೆಳಗಿರ್ಲಿ, ಮಸಿ ಮೈಗೆ ತಾಗಬಾರ್ದು," ಅಂದ ಹಾವು ಮಾರುವ ಸೆಲೋರ್ಮ್.

ಮನೆಯಲ್ಲಿದ್ದ ಕಾಗದವೆಂದರೆ ಅಪ್ಪ ತೀರಿಕೊಂಡಾಗ ಊರೆಲ್ಲ ಅಂಟಿಸಿ ಉಳಿದ ಪೋಸ್ಟರುಗಳೇ. ಅವನ ನಗುಮುಖ ಕೆಳಗೆ ಮಾಡಿ ಹಾಸಿದೆ.

"ನಿಮ್ಮಪ್ಪನ್ನ ಬೋರಲು ಮಲಗಿಸ್ತೀಯೇನೇ?" ಅವ್ವ ಸಿಡುಕಿದಳು.

ಈಗ ನೋಡಿದರೆ ಹಾವು ಕಾಗದದ ಅಡಿಗೆ ನುಸುಳಿ, ಅವನ ಮುಖಕ್ಕೆ ಒತ್ತಿಕೊಂಡು ಸುತ್ತಿ ಮಲಗಿದೆ. ಎತ್ತಲು ಎರಡು ಸಲ ಕೈ ಚಾಚಿ ಹಿಂದಕ್ಕೆಳೆದುಕೊಂಡೆ. ನಾಳೆ ಬಿಳಿ ಕಾಗದ ತರುತ್ತೇನೆ. ಇವತ್ತೊಂದು ರಾತ್ರಿ ಇಬ್ಬರೂ ಹೀಗೇ ಇರಲಿ.