ಅಣ್ಣನ ಎಡೆಯ ಸೀಗಡಿ

ಸೊರಬ
೧೮-೧-೧೯೫೯, ಭಾನುವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿ ಲೋಕಮ್ಮನ ನಮಸ್ಕಾರಗಳು. ನಾನೂ ಅವ್ವನೂ ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಆದರೆ ನಿಮಗೆ ಹಾಗೆ ಬರೆದರೆ ನೀವು ನಂಬುವುದಿಲ್ಲ.

ನಿನ್ನೆ ಅಣ್ಣನ ವರ್ಷದ ಎಡೆ ಆಯಿತು. ನಿಮ್ಮ ಅಣ್ಣ ಹುಚ್ಚರಾಯಪ್ಪನವರು ಬಸ್ಸು ತಪ್ಪುತ್ತದೆಂದು ಅವಸರದಲ್ಲಿ ಹೊರಟರು. ಅವರ ಮಾತು ಎಷ್ಟೆಂದು ನನಗೆ ಗೊತ್ತಿಲ್ಲವೆ? ನಿಮ್ಮ ಕೂಡಿಕೆ ಮದುವೆಗೆ ಅತ್ತೆ ಹೂಂ ಅಂದರು ಎಂದಿಷ್ಟು ಹೇಳಿ ಕೈಕಾಲು ತೊಳೆಯಲು ಹೋಗಿರುತ್ತಾರೆ. ನೀವು ಆ ಹೂಂ ಅನ್ನು ಹಿಡಿದುಕೊಂಡು, ಅತ್ತೆ ಸಿಟ್ಟಿನಲ್ಲಿ ಅಂದಿರಬೇಕು, ಹಾಳಾಗಿ ಹೋಗಲಿ ಎಂದು ಅಂದಿರಬೇಕು ಎಂದು ಕೊರಗುತ್ತಾ ಕೂರುತ್ತೀರಿ. ಹಾಗೆ ಆಗಬಾರದೆಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಅಣ್ಣ ತೀರಿಕೊಂಡ ಮೇಲೆ ನೀವು ತವರಿಗೆ ಹೋದವರು ತಿರುಗಿ ಬರಲಿಲ್ಲವೆಂದು ಅವ್ವನಿಗೆ ನೋವಿತ್ತು. ಅದನ್ನು ಮುಚ್ಚಿಡುವುದಿಲ್ಲ. ಯಾರಾದರೂ ನಿಮ್ಮ ಸುದ್ದಿ ಎತ್ತಿದರೆ ಮೊರ ತೆಗೆದುಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅಣ್ಣ ಸೀಮೆಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದ ಆ ಒಲೆಯನ್ನು ಕೊಟ್ಟಿಗೆಯ ಮೂಲೆಗೆ ಹಾಕಿಸಿದ್ದಳು. ಮಗನ ನೆನಪು ಕಾಡುತ್ತದೆಂದು ಹಾಕಿಸಿದಳೋ, ನಿಮ್ಮ ಮೇಲಿನ ಮುನಿಸಿಗೋ, ನಾನು ಕೇಳಲಿಲ್ಲ.

ಅಣ್ಣ ಶಿಕಾರಿಪುರದ ಬಂಗಲೆಯಲ್ಲಿ ಅಡುಗೆಯವರ ಕೈಕೆಳಗೆ ಇದ್ದಾಗ ಕಲಿತು ಬಂದ ಆ ಸೀಗಡಿ ಅಡುಗೆಗೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. 'ಪುಟ್ಟಪ್ಪನ ಸೀಗಡಿ' ಎನ್ನುತ್ತಿದ್ದೆವು. ಭಾನುವಾರ ನೀವು ಜಗಲಿಯಲ್ಲಿ ಕೂತು ಸೀಗಡಿಯ ಸಿಪ್ಪೆ ಬಿಡಿಸುತ್ತಿದ್ದಿರಿ, ಅವನು ತಗಡಿನ ತಟ್ಟೆಗೆ ಬೆಣ್ಣೆ ಬಳಿಯುತ್ತಿದ್ದ. ಗಂಡಸು ಒಲೆ ಮುಂದೆ ಕೂತು ಹೆಂಡತಿಗೆ ಅಡುಗೆ ಮಾಡುವುದು, ತುಪ್ಪ ಕಾಯಿಸಬೇಕಾದ ಬೆಣ್ಣೆಯನ್ನು ಹಾಗೆ ಸುರಿಯುವುದು ಎರಡೂ ಅವ್ವನಿಗೆ ಸೇರುತ್ತಿರಲಿಲ್ಲ. ಅವಳು ಗೊಣಗಿದಷ್ಟೂ ನೀವು ನಗುತ್ತಿದ್ದಿರಿ. ನಿಮ್ಮ ನಗು ಬಾವಿಕಟ್ಟೆಯವರೆಗೆ ಕೇಳುತ್ತಿತ್ತು. ಆಮೇಲೆ ಆ ಜ್ವರ ಬಂತು, ಮಲಗಿದವನು ಏಳಲಿಲ್ಲ.

ಎಡೆಯ ಹಿಂದಿನ ದಿನ ನಾನು ಕೋಳಿಗೆ ಹೇಳಿ ಬರುತ್ತೇನೆಂದು ಹೊರಟೆ. ಅವ್ವ ತಡೆದಳು. ಅವನಿಗೆ ಕೋಳಿ ಬೇಡ, ಸೀಗಡಿಯೇ ಆಗಬೇಕು, ಅವನು ಮಾಡುತ್ತಿದ್ದ ಹಾಗೆಯೇ ಆಗಬೇಕು ಅಂದಳು. ಹೊಳೆಯಲ್ಲಿ ಬಲೆ ಹಾಕುವವರಿಗೆ ಹೇಳಿ ತರಿಸಿದೆ. ಒಳ್ಳೆಯ ದಪ್ಪ ಸೀಗಡಿ ಸಿಕ್ಕಿತು. ಬೆಳಿಗ್ಗೆ ಕೊಟ್ಟಿಗೆಯಿಂದ ಒಲೆಯನ್ನು ಅವಳೇ ಹೊತ್ತು ತಂದು, ಬೂದಿ ಹಾಕಿ ಉಜ್ಜಿದಳು.

ಆದರೆ ನಮಗೆ ಇಬ್ಬರಿಗೂ ಮಾಡುವ ಬಗೆ ಗೊತ್ತಿರಲಿಲ್ಲ ಅತ್ತಿಗೆ. ತಿಂದದ್ದೇ ಹೊರತು ನೋಡಿ ಕಲಿತವರಲ್ಲ. ಬೆಣ್ಣೆ, ಬೆಳ್ಳುಳ್ಳಿ, ಮೆಣಸು ಸರಿಯಾಗಿಯೇ ಹಾಕಿದೆವು. ಅವ್ವ ಇದ್ದ ನಿಂಬೆಹಣ್ಣುಗಳನ್ನೆಲ್ಲ ಮೊದಲೇ ಹಿಂಡಿ, ಸಿಪ್ಪೆಯನ್ನೂ ಹೆಚ್ಚಿ ಹಾಕಿ, ಕೆಳಗೆ ಚೆನ್ನಾಗಿ ಕೆಂಡ ಮಾಡಿ ಇಟ್ಟಳು. ತಳ ಕರಿದಾಗಿ ಹಿಡಿಯಿತು, ಮೇಲಿನದು ಹಸಿಯಾಗಿಯೇ ಉಳಿಯಿತು. ಒಂದನ್ನು ಬಾಯಿಗೆ ಹಾಕಿಕೊಂಡಳು. ಕಹಿ. ತಟ್ಟೆಯನ್ನು ಕೆಳಗಿಟ್ಟು ಕಂಬಕ್ಕೆ ಒರಗಿ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ನನ್ನ ಮಗನ ಬಾಯಿಗೆ ಏನು ಹಿಡೀತಿತ್ತು ಅಂತ ನಂಗೇ ಗೊತ್ತಿಲ್ಲ. ಗೊತ್ತಿರೋಳು ಬರ್ಲಿಲ್ಲ" ಅಂದಳು.

ಹುಚ್ಚರಾಯಪ್ಪನವರು ಬಂದದ್ದು ಆಗಲೇ. ಕೈಯಲ್ಲಿ ನೀವು ಕಳಿಸಿದ ಹೇರಳೆಹಣ್ಣಿನ ಚೀಲ, ಬಾಳೆಲೆ ಮುಚ್ಚಿ ಕಟ್ಟಿದ ಬೆಣ್ಣೆಗಡಿಗೆ. ಅವ್ವ ಬಾ ಎಂದೂ ಅನ್ನಲಿಲ್ಲ, ನೀರು ತಂದಿಡು ಎಂದು ನನಗೂ ಹೇಳಲಿಲ್ಲ. ನೀವು ಯಾಕೆ ಬರಲಿಲ್ಲ ಎಂದು ಕೇಳಿದಳು. ಅವರು ಚೀಲ ಕೆಳಗಿಟ್ಟು ನಿಂತೇ ಹೇಳಿದರು. "ಶಿಕಾರಿಪುರದ ಬಸ್ ಸ್ಟ್ಯಾಂಡಿನ ತನಕ ನನ್ನ ಜೋಡಿ ಬಂದಿದ್ಲು ರೀ. ಬಸ್ಸಿನ ಮೆಟ್ಟಲ ಮ್ಯಾಲೆ ಕಾಲಿಟ್ಟು ಇಳಿದುಬಿಟ್ಲು. ಆ ಒಲೆ ನೋಡಾಕ ನನ್ನ ಕೈಲಿ ಆಗಂಗಿಲ್ಲ ಅಣ್ಣ ಅಂದ್ಲು."

ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಮತ್ತೆ, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವರಂತೆ, ನೀವು ಹೇಳಿಕಳಿಸಿದ್ದನ್ನು ಒಪ್ಪಿಸಿದರು. ನಿಂಬೆ ಅಲ್ಲ, ಹೇರಳೆಯೇ ಆಗಬೇಕು, ಹಣ್ಣಿನ ಸಿಪ್ಪೆ ಬೀಳಬಾರದು. ರಸ ಅರ್ಧ ಮೊದಲು, ಅರ್ಧ ಇಳಿಸಿದ ಮೇಲೆ. ಕೆಂಡ ಮುಚ್ಚಳದ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಸೀಗಡಿ ಕೆಂಪಗೆ ತಿರುಗಿ ಬಾಲ ಸುರುಳಿಯಾದ ಕೂಡಲೇ ತೆಗೆಯಬೇಕು, ಆಮೇಲೆ ಒಂದು ಗಳಿಗೆ ಬಿಟ್ಟರೂ ರಬ್ಬರಿನಂತೆ ಆಗುತ್ತದೆ.

ಉಳಿದಿದ್ದ ಸೀಗಡಿಯನ್ನು ಅವ್ವ ನಿಮ್ಮ ಮಾತಿನಂತೆಯೇ ಮಾಡಿದಳು. ನಡುನಡುವೆ ಅವರನ್ನು ಕೇಳುತ್ತಿದ್ದಳು, ಅವಳು ಹೀಗೇ ಅಂದಳಾ, ಇಷ್ಟೇ ಅಂದಳಾ ಎಂದು. ಮುಚ್ಚಳ ತೆಗೆದಾಗ ಬೆಣ್ಣೆಯ ಜೊತೆ ಹೇರಳೆಯ ಆ ವಾಸನೆ ಬಂತಲ್ಲ, ನಾನು ಬಾಗಿಲ ಕಡೆ ನೋಡಿದೆ. ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಾನೆ ಅನ್ನಿಸಿತು. ಅವ್ವನೂ ಅತ್ತಲೇ ನೋಡುತ್ತಿದ್ದಳು.

ಅವನ ಪಂಚೆ, ಬಂಗಲೆಯ ಖಾಕಿ ಅಂಗಿ ಮಡಿಸಿಟ್ಟು, ಬಾಳೆಲೆ ಹಾಸಿ ಎಡೆ ಬಡಿಸಿದಳು. ದೀಪ ಹಚ್ಚಿ, ಅವನು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವು ಮೂವರೂ ಜಗಲಿಗೆ ಬಂದು ಕೂತೆವು.

ಹುಚ್ಚರಾಯಪ್ಪನವರು ಕೂತಲ್ಲಿ ಕೂರಲಾರದೆ ಅಂಗೈ ಉಜ್ಜುತ್ತಿದ್ದರು. ಅವ್ವನೇ, ಏನೋ ಹೇಳಲು ಬಂದಿದ್ದೀಯ, ಹೇಳು ಅಂದಳು. ಇವತ್ತು ಬೇಡ, ಇನ್ನೊಂದು ದಿನ ಬರುತ್ತೇನೆ ಎಂದರು ಪಾಪ. ಅವ್ವ ಬಿಡಲಿಲ್ಲ. ಆಗ ತೊಗರ್ಸಿ ಕಡೆಯ ಹನುಮಂತಪ್ಪನವರ ವಿಷಯ ತೆಗೆದರು. ಒಕ್ಕಲುತನದವರು, ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡು ಒಂದು ಹೆಣ್ಣು ಕೂಸು ಇದೆ, ಅವರಾಗಿಯೇ ನಿಮ್ಮನ್ನು ಕೇಳಿದ್ದಾರೆ, ಆದರೆ ಅತ್ತೆ ಮನಸ್ಸಿನಿಂದ ಒಪ್ಪದೆ ನಾನು ಆ ಹೊಸಿಲು ತುಳಿಯುವುದಿಲ್ಲ ಎಂದು ನೀವು ಹಟ ಹಿಡಿದಿದ್ದೀರಿ ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ಏರಿತ್ತು.

ಅವ್ವ ಮುಚ್ಚಿದ ಬಾಗಿಲ ಕಡೆ ಕೈ ತೋರಿಸಿದಳು. "ಮೆತ್ತಗೆ ಮಾತಾಡಪ್ಪ. ಒಳಗೆ ಉಣ್ತಾ ಇದಾನೆ."

ಅವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ನನಗೆ ಅಳು ಬಂತು, ಸದ್ದಾದೀತೆಂದು ಬಾಯಿಗೆ ಸೆರಗು ಒತ್ತಿಕೊಂಡೆ. ಆಮೇಲೆ ಅವಳೇ ಎದ್ದು ಬಾಗಿಲು ಮೂರು ಸಲ ತಟ್ಟಿ, ಸ್ವಲ್ಪ ತಡೆದು, ತೆರೆದಳು. ಎಲೆಯ ಮುಂದೆ ಕೂತು ಅಡ್ಡಬಿದ್ದಳು. ಏನೋ ಅಂದಳು. ಮಗನಿಗೆ ಅಂದದ್ದು, ನನಗೆ ಕೇಳಿಸಲಿಲ್ಲ.

ಎಡೆಯ ಸೀಗಡಿಯನ್ನು ಮೊದಲು ನಿಮ್ಮ ಅಣ್ಣನ ಎಲೆಗೆ ಬಡಿಸಿದಳು. ಅವರು ತುತ್ತು ಎತ್ತುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದಳು. ಹೊಲ ಎಷ್ಟಿದೆ, ಮನೆ ಹೇಗಿದೆ ಎಂದು ಅಲ್ಲ.

"ಅವ್ಳು ನಗೋದು ಜೋರು. ಆ ಮನೇಲಿ ಯಾರೂ ಏನೂ ಅನ್ನಲ್ವ?"

ಹುಚ್ಚರಾಯಪ್ಪನವರು ಎಲೆ ನೋಡುತ್ತಾ ಕೂತರು. "ಈಗ ಎಲ್ಲಿ ನಗ್ತಾಳ ರೀ" ಅಂದರು.

ಅವ್ವ ಸೌಟು ಹಿಡಿದವಳು ಹಾಗೇ ನಿಂತಳು. ನಾನು ಅವಳನ್ನು ಅಣ್ಣ ಹೋದ ದಿನವೂ ನೋಡಿದ್ದೇನೆ. ಆವತ್ತು ಎದೆ ಬಡಿದುಕೊಂಡು ಅತ್ತಿದ್ದಳು. ನಿನ್ನೆ ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು, ಅದು ಅವಳಿಗೆ ಗೊತ್ತೇ ಇಲ್ಲವೆಂಬಂತೆ ನಿಂತಿದ್ದಳು. ಆಮೇಲೆ ಹೇಳಿದಳು. ಅವಳ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ:

"ಕೊಡಪ್ಪ. ಸೊಸೇನ ಬಿಟ್ಟುಕೊಟ್ರು ಅಂತ ಯಾರೂ ಅನ್ನಬಾರ್ದು. ಈ ತಿಮ್ಮಮ್ಮ ಮಗಳ್ನ ಕೊಟ್ಲು ಅನ್ನಬೇಕು. ಹಂಗೆ ಕೊಡು."

ಇದು ಸಿಟ್ಟಿನ ಹೂಂ ಅಲ್ಲ ಅತ್ತಿಗೆ. ನಾನು ಅಲ್ಲೇ ನಿಂತು ನೋಡಿದವಳು.

ಆ ಕೂಸಿಗೆ ತಾಯಿಯಾಗಿ. ಅಣ್ಣ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಕೇಳಿಕೊಳ್ಳಬೇಡಿ. ನಾನೂ ರಾತ್ರಿಯೆಲ್ಲ ಕೇಳಿಕೊಂಡೆ. ಅವನು ಇದ್ದಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಮಾಘದಲ್ಲಿ ದಿನ ಗೊತ್ತಾದ ಕೂಡಲೇ ತಿಳಿಸಿ. ಶಾಲೆಗೆ ರಜೆ ಹಾಕಿ ನಾನು ಹಿಂದಿನ ದಿನವೇ ಬರುತ್ತೇನೆ. ಅವ್ವ ತನ್ನ ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ನನ್ನ ಮದುವೆಗೆಂದು ಇಟ್ಟದ್ದು. ಅದನ್ನು ನಿಮಗೆ ಉಡಿಸಬೇಕೆಂದು ಹೇಳಿದ್ದಾಳೆ. ಅವಳಿಗೆ ಮಾತ್ರ ಬರಲು ಆಗುವುದಿಲ್ಲ. ಮಂಡಿನೋವು ಹೆಚ್ಚಾಗಿದೆ, ಬಸ್ಸು ಹತ್ತಿ ಇಳಿಯುವುದು ಕಷ್ಟ. ತಪ್ಪು ತಿಳಿಯಬೇಡಿ.

ಇಲ್ಲಿಗೆ ಬರುವುದನ್ನು ಬಿಡಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಆದರೂ ಬರೆದಿದ್ದೇನೆ.

ಯಾವಾಗಲೂ ನಿಮ್ಮ ನಾದಿನಿಯೇ ಆಗಿರುವ,
ಲೋಕಮ್ಮ

ತಾ.ಕ.: ಕಾಗದ ಓದಿಸಿಕೊಂಡು ಅವ್ವ ದನ ಕಟ್ಟಲು ಹೋಗಿದ್ದಾಳೆ, ಅವಳಿಗೆ ಗೊತ್ತಾಗದಂತೆ ಇದನ್ನು ಸೇರಿಸುತ್ತಿದ್ದೇನೆ. ಅವಳ ಮಂಡಿಗೆ ಏನೂ ಆಗಿಲ್ಲ. ಬೆಳಿಗ್ಗೆ ಹೊಳೆಯವರೆಗೂ ನಡೆದು ಹೋಗಿ ಬಟ್ಟೆ ಒಗೆದು ಬಂದಳು. ಹಾಗಾದರೆ ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: "ಅವಳ ಪಕ್ಕ ಬ್ಯಾರೆಯೋನು ಕೂತಿದ್ದನ್ನ ನೋಡಿದ್ರೆ ನನ್ನ ಕಣ್ಣು ನನ್ನ ಮಾತು ಕೇಳಲ್ಲ ಕಣೇ. ಒಳ್ಳೆ ಕೆಲಸದಾಗೆ ಅಳು ಯಾಕೆ? ಮಂಡಿನೋವು ಅಂತ ಬರಿ."