ಎಂಟು ಗಂಟೆಯ ಫೋನು

ಮುಸಫ್ಫಾ, ಅಬುಧಾಬಿ
30 ಅಕ್ಟೋಬರ್ 2003

ಪ್ರೀತಿಯ ಮನಾಲ್‌ಳ ಅಬ್ಬಾರಿಗೆ ರುಕಿಯ್ಯಳ ಸಲಾಂ.

ಹೇಗಿದ್ದೀರಿ? ಕಝಕಿಸ್ತಾನದ ಚಳಿಗೆ ನಿಮ್ಮ ಮೊಣಕಾಲು ಏನನ್ನುತ್ತಿದೆ? ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರೋ, ಪೆಟ್ಟಿಗೆಯಲ್ಲೇ ಬೆಚ್ಚಗೆ ಮಲಗಿಸಿದ್ದೀರೋ? ಇಲ್ಲಿ ನಾವು ಮೂವರೂ ಅಲ್ಲಾಹನ ದಯೆಯಿಂದ ಕ್ಷೇಮ. ಮನಾಲ್ ಎರಡು ಉಪವಾಸ ಪೂರ್ತಿ ಹಿಡಿದಳು. ಮೂರನೆಯ ದಿನ ಶಾಲೆಯಿಂದ ಬಂದವಳೇ "ಐ ಆಮ್ ಖಲಾಸ್" ಎಂದು ಫ್ರಿಜ್ ತೆರೆದಳು. ಮನೆಮಾತು ನವಾಯತಿ, ಕಾಗದ ಮಾತ್ರ ಕನ್ನಡ ಎಂದು ಎಂದಿನಂತೆ ನಗಬೇಡಿ. ಭಟ್ಕಳದ ಶಾಲೆಯಲ್ಲಿ ತಿದ್ದಿದ ಕೈ ಇದು, ಬೇರೆ ಕಡೆ ಓಡುವುದಿಲ್ಲ.

ನಿಮ್ಮ ಗಡಿಯಾರದ ಕಾಗದವನ್ನು ಬಂದ ದಿನವೇ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಬೇಸಿಗೆಗೆ ಮುಳ್ಳನ್ನು ಒಂದು ಗಂಟೆ ಮುಂದೆ, ಚಳಿಗೆ ಹಿಂದೆ ತಿರುಗಿಸುವ ಆ ಆಟ ನಿಲ್ಲಿಸಬೇಕೋ ಬೇಡವೋ ಎಂದು ನಿಮ್ಮ ಕ್ಯಾಂಪಿನ ಊಟದ ಮೇಜಿನಲ್ಲಿ ದಿನವೂ ಜಗಳವಂತೆ, ನಿಲ್ಲಿಸುವವರ ಪಕ್ಷಕ್ಕೆ ನೀವೇ ಮುಂದಾಳಂತೆ. ಡ್ಯೂಟಿಯವರ ನಿದ್ದೆ ಕೆಡುತ್ತದೆ ಎಂಬ ನಿಮ್ಮ ವಾದಕ್ಕೆ ನಾನೂ ತಲೆಯಾಡಿಸಿದ್ದೆ. ಸೂರ್ಯನ ಹೊತ್ತು ನೋಡಿ ನಮಾಝು ಮಾಡುವ ನಮಗೆ ಈ ಉಪದ್ವ್ಯಾಪ ಏಕೆ ಎನಿಸಿತ್ತು. ಈ ಭಾನುವಾರದಿಂದ ಪಕ್ಷ ಬದಲಿಸಿದ್ದೇನೆ.

ಅತ್ತೆಯ ವಿಷಯ ನಿಮಗೆ ಗೊತ್ತೇ ಇದೆ. ಎರಡು ತಿಂಗಳೆಂದು ಹೇಳಿ ನೀವು ಒಂದು ವರ್ಷಕ್ಕೆ ಸಹಿ ಹಾಕಿದ್ದು ತಿಳಿದ ದಿನದಿಂದ ಮಗನ ಜೊತೆ ಮಾತು ಬಿಟ್ಟರು. ಕ್ಯಾಂಪಿನ ಫೋನಿನಲ್ಲಿ ಭಾನುವಾರದ ನಿಮ್ಮ ಎಂಟು ಗಂಟೆಯ ಸರದಿ ಇಲ್ಲಿಯ ಗಡಿಯಾರಕ್ಕೆ ಏಳು ಗಂಟೆಯಾಗಿತ್ತಲ್ಲವೇ? ಆರೂ ಮುಕ್ಕಾಲಿಗೇ ತಸ್ಬೀಹ್ ಮಣಿ ಹಿಡಿದು ಮೇಲಿನ ಮನೆಯ ಮಂಗಳೂರಿನ ಜೋಸ್ಫಿನ್ ಬಾಯಿಯ ಹತ್ತಿರ ಹೋಗಿ, ಏಳೂವರೆಗೆ ಇಳಿದುಬರುತ್ತಿದ್ದರು. ಸ್ನಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ನಾನು ಹೇಳುತ್ತಿದ್ದ ಸುಳ್ಳುಗಳನ್ನು ನೀವು ನಂಬಲಿಲ್ಲವೆಂದು ಬಲ್ಲೆ. ಬರುವ ವಾರ ಅವರು ಊರಿಗೆ ಹೊರಡುತ್ತಾರೆ, ವಯಸ್ಸು ಎಪ್ಪತ್ತನಾಲ್ಕು. ಈ ಸಿಟ್ಟನ್ನು ಹೊತ್ತುಕೊಂಡೇ ವಿಮಾನ ಹತ್ತಿಬಿಟ್ಟರೆ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅಲ್ಲಿ ಮುಳ್ಳು ಹಿಂದೆ ಹೋಗುವುದು ಇದೇ ಭಾನುವಾರ ಎಂದು ನೀವು ಬರೆದದ್ದು ನನಗೆ ಮರೆತೇಹೋಗಿತ್ತು. ಏಳಕ್ಕೆ ಫೋನಿನ ಪಕ್ಕ ಕೂತೆ. ಏಳೂಕಾಲಾಯಿತು, ಏಳೂವರೆಯಾಯಿತು, ಅತ್ತೆಯೂ ಇಳಿದುಬಂದರು. ನಾನು ಮುಖ ಸಣ್ಣದು ಮಾಡಿಕೊಂಡು ಸಮೋಸದ ಹಿಟ್ಟು ನಾದಲು ಒಳಗೆ ಹೋದೆ. ಎಂಟಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ಕೈತೊಳೆದು ಓಡಿಬರುವಷ್ಟರಲ್ಲಿ ರಿಸೀವರ್ ಅತ್ತೆಯ ಕಿವಿಯಲ್ಲಿತ್ತು. ಜೋಸ್ಫಿನ್ ಬಾಯಿಯ ಫೋನೆಂದು ಎತ್ತಿ ಸಿಕ್ಕಿಬಿದ್ದರು ಎಂದುಕೊಂಡೆ. ಅವರು ಕೇಳಿದರು: "ಅಲ್ಲಿ ಉಣ್ಲಿಕ್ಕೆ ಎಂತ ಕೊಡ್ತಾರೆ ನಿಂಗೆ?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅಲ್‌ಹಮ್ದುಲಿಲ್ಲಾಹ್, ನಾಲ್ಕು ತಿಂಗಳಿಂದ ಬೇಡಿದ್ದು ಸಿಕ್ಕಿತು. ನಿಮ್ಮ ಹತ್ತು ನಿಮಿಷವನ್ನೂ ಅವರೇ ಮುಗಿಸಿದರು, ನನಗೆ ಒಂದು ಮಾತೂ ಉಳಿಸಲಿಲ್ಲ. ಅದಕ್ಕೇ ಈ ಉದ್ದದ ಕಾಗದ. ನಿಮ್ಮ ಊಟದ ಮೇಜಿನಲ್ಲಿ ನನ್ನದೊಂದು ಮತವನ್ನು ಎದುರು ಪಕ್ಷಕ್ಕೆ ಬರೆಸಿ. ಮುಳ್ಳು ತಿರುಗಿಸಿದ ಪುಣ್ಯಾತ್ಮ ಯಾರೇ ಇರಲಿ, ಪ್ರತಿ ಇಫ್ತಾರಿನಲ್ಲೂ ಅವನಿಗೆ ನನ್ನದೊಂದು ದುವಾ ಇದೆ.

ಬಾಂಗು ಕೂಗುವ ಹೊತ್ತಾಯಿತು. ಮನಾಲ್ ಮುತ್ತು ಕೊಟ್ಟಿದ್ದಾಳೆ. ಅಲ್ಲಾಹನ ಕಾವಲು ಸದಾ ನಿಮ್ಮ ಮೇಲಿರಲಿ.

ನಿಮ್ಮ
ರುಕಿಯ್ಯ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಜೋಸ್ಫಿನ್ ಬಾಯಿ ಈಗ ಬಂದು ಹೇಳಿದರು. ಆ ಸಂಜೆ ಅತ್ತೆ ಅವರ ಮನೆಯಲ್ಲಿ ಕೂತು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರಂತೆ. ಇಳಿಯುವಾಗ ಹೇಳಿದರಂತೆ: "ಇವತ್ತಿಂದ ಅವನ ಎಂಟೂ ನಮ್ಮ ಎಂಟೂ ಒಂದೇ. ರುಕಿಯ್ಯಗೆ ನೆನಪಿಲ್ಲ, ನೀವು ಹೇಳ್ಬೇಡಿ. ಇವತ್ತು ಫೋನು ನಾನೇ ತೆಗೀತೇನೆ."