ಉತ್ತರವಿಲ್ಲದ ಮೂವತ್ತೆರಡನೇ ಪ್ರಶ್ನೆ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಯಪ್ಪನಿಗೆ,

ಹೇಗಿದ್ದೀರಿ? ಮೊಣಕಾಲಿನ ನೋವು ಕಮ್ಮಿಯಾಯಿತಾ, ಇಲ್ಲ ನನಗೆ ಹೇಳೋದು ಮಾತ್ರ ಕಮ್ಮಿಯಾಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಲ್ಲಿ ಎಲ್ಲರೂ ಆರಾಮ. ಅತ್ತೆಯ ಕೆಮ್ಮು ನಿಂತಿದೆ, ಬೈಗುಳ ಮತ್ತೆ ಶುರುವಾಗಿದೆ, ಅಂದರೆ ಪೂರ್ತಿ ವಾಸಿ ಅಂತಲೇ ಲೆಕ್ಕ. ಗುಬ್ಬಿಯ ಮುಂದಿನ ಹಲ್ಲು ಬಿದ್ದಿದೆ. 'ಅಪ್ಪ' ಅನ್ನೋಕೆ ಹೋದರೆ ಗಾಳಿ ಹೊರಡುತ್ತೆ, ಅದನ್ನೇ ಆಟ ಮಾಡಿಕೊಂಡು ದಿನವಿಡೀ ನಿಮ್ಮನ್ನು ಕರೀತಾಳೆ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಿರ್ತೀನಿ.

ನೀವು ಹೋಗಿ ಐದು ತಿಂಗಳಾಯಿತು. ಆ ಊರುಗಳಲ್ಲಿ ಫೋನು ಸಿಗೋದಿಲ್ಲ, ನಿಮಗೋ ಕಾಗದ ಬರೆಯೋಕೆ ಸೋಮಾರಿತನ. ಆದರೂ ಪ್ರತಿ ಸೋಮವಾರ ಕಚೇರಿಯ ಟಪಾಲು ಚೀಲ ಬಿಚ್ಚಿದ ತಕ್ಷಣ ನೀವು ತುಂಬಿಸಿ ಕಳಿಸಿದ ಸಮೀಕ್ಷೆ ಫಾರಂಗಳು ನನ್ನ ಮೇಜಿಗೇ ಬರುತ್ತವೆ. ಯಾವ ರೈತರು ಯಾವ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಆ ಖಾಲಿ ಜಾಗಕ್ಕೆ ಏನು ಮಾಡೋದು ಅಂತ ನೋಡೋದು ನನ್ನ ಕೆಲಸವಲ್ಲವಾ? ನಿಮ್ಮ ಫಾರಂಗಳಲ್ಲಿ ಯಾವಾಗಲೂ ಖಾಲಿ ಬರೋದು ಮೂವತ್ತೆರಡನೇ ಪ್ರಶ್ನೆ: ಹೊಲ, ಹೈನು ಬಿಟ್ಟು ಬೇರೆ ಕಡೆಯಿಂದ ಮನೆಗೆ ಎಷ್ಟು ದುಡ್ಡು ಬರುತ್ತೆ? ಪಕ್ಕದಲ್ಲಿ ಪೆನ್ಸಿಲಿನಲ್ಲಿ ನಿಮ್ಮ ಕೈಬರಹ: 'ಮಗಳು ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ. ಎಷ್ಟು ತರುತ್ತಾಳೆ ಅಂದಿದ್ದಕ್ಕೆ ತಂದೆ ಎದ್ದು ಹಸುವಿಗೆ ನೀರು ಕುಡಿಸಲು ಹೋದರು.' ಇಂಥ ಸಾಲುಗಳನ್ನು ಎರಡೆರಡು ಸಲ ಓದ್ತೀನಿ. ಒಂದು ಸಲ ಕೆಲಸಕ್ಕೆ, ಇನ್ನೊಂದು ಸಲ ನನಗೆ.

ಮೊನ್ನೆ ಬುಧವಾರ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ಒಂದು ಪಟ್ಟಿ ಇಟ್ಟರು. ನಿಮ್ಮ ಇನ್ನೂರು ಫಾರಂಗಳಲ್ಲಿ ಅರವತ್ತೊಂದರಲ್ಲಿ ಆ ಪ್ರಶ್ನೆ ಖಾಲಿ. ನಿಮ್ಮ ಜೊತೆ ಹೋದ ಇಬ್ಬರದ್ದರಲ್ಲಿ ಒಂದೂ ಖಾಲಿ ಇಲ್ಲ. "ನಿಮ್ಮ ಯಜಮಾನರಿಗೆ ಕೇಳೋಕೆ ಬರಲ್ಲ ಅಂತ ಕಾಣುತ್ತೆ. ಖಾಲಿ ಇರೋ ಕಡೆಯೆಲ್ಲ ಸೊನ್ನೆ ಹಾಕಿಬಿಡಿ. ಅವರನ್ನ ವಾಪಸ್ ಕರೆಸಿಕೊಳ್ತೀನಿ" ಅಂದರು.

ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? 'ವಾಪಸ್' ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ನಿಮ್ಮನ್ನು ಬೈದದ್ದೂ ಮರೆತುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ನೀವು ಈ ಭಾನುವಾರ ಇಲ್ಲೇ ಕೂತು ಗುಬ್ಬಿಯ ಹಲ್ಲು ನೋಡ್ತಿದ್ದಿರಿ. ಊಟದ ಡಬ್ಬಿ ತೆರೆದೆ, ಕಣ್ಣು ಮಾತ್ರ ಆ ಪಟ್ಟಿಯ ಮೇಲೇ ಇತ್ತು. ಹಾಲಿನ ದರ ಏರಿಸಬೇಕಾ ಬೇಡವಾ ಅಂತ ಇದೇ ಲೆಕ್ಕ ನೋಡಿ ತೀರ್ಮಾನ ಮಾಡ್ತಾರೆ. ಸೊನ್ನೆ ಹಾಕಿದರೆ, ಆ ಮನೆಗಳು ಬರೀ ಹಾಲು ಮಾರಿಕೊಂಡೇ ಸುಖವಾಗಿವೆ, ದರ ಏರಿಸೋದು ಬೇಡ ಅಂತಾಗುತ್ತೆ. ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿ ಮನೆ ನಡೆಸುವ ಆ ಹುಡುಗಿ ಲೆಕ್ಕಕ್ಕೇ ಇಲ್ಲ.

ಡಬ್ಬಿ ಮುಚ್ಚಿ ಆ ಇಬ್ಬರ ಫಾರಂಗಳನ್ನು ಹರಡಿಕೊಂಡು ಕೂತೆ. ಹನ್ನೊಂದು ಮನೆಗಳಲ್ಲಿ ಹಿಂಡಿಯ ಖರ್ಚು ಪೈಸೆಗೆ ಪೈಸೆ ಒಂದೇ. ಒಂದು ಮನೆಯಲ್ಲಂತೂ ಹಸುವೇ ಇಲ್ಲ, ದಿನಕ್ಕೆ ಹದಿನೆಂಟು ಲೀಟರ್ ಹಾಲು ಮಾರ್ತಾರಂತೆ! ಎತ್ತಿಕೊಂಡು ಹೋಗಿ ಸಾಹೇಬರ ಮುಂದಿಟ್ಟೆ. "ಸಾರ್, ಇವರು ಯಾರ ಮನೆ ಬಾಗಿಲನ್ನೂ ತಟ್ಟಿಲ್ಲ. ಖಾಲಿ ಬಿಟ್ಟವರೇ ನಿಜವಾಗಿ ಹೋಗಿ ಕೇಳಿದವರು. ಅಷ್ಟೇ ಜಮೀನು, ಅಷ್ಟೇ ಹಸು, ಅಷ್ಟೇ ಜನ ಇರೋ, ಉತ್ತರ ಕೊಟ್ಟ ಮನೆಗಳನ್ನ ನೋಡಿ ಅಂದಾಜು ತುಂಬಿಸ್ತೀನಿ. ಇದು ನಮ್ಮ ಅಂದಾಜು, ರೈತರ ಮಾತಲ್ಲ ಅಂತ ಪಕ್ಕದಲ್ಲಿ ಗುರುತೂ ಹಾಕ್ತೀನಿ. ಆದರೆ ಸೊನ್ನೆ ಮಾತ್ರ ಹಾಕಲ್ಲ" ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಮೆಲ್ಲಗೆ, "ಹಸು ಇಲ್ಲದೆ ಹಾಲು ಹೇಗಮ್ಮ ಬಂತು?" ಅಂತ ನನ್ನನ್ನೇ ಕೇಳಿದರು.

ಆ ಇಬ್ಬರನ್ನೂ ಕೆಲಸದಿಂದ ತೆಗೆದರು. ನಿಮ್ಮ ಹೆಸರು ಉಳಿಯಿತು. ಆದರೆ ಅವರ ಮನೆಗಳನ್ನೆಲ್ಲ ಮತ್ತೆ ಕೇಳಿಕೊಂಡು ಬರಬೇಕಂತೆ, ನಂಬಿಕಸ್ಥರು ನೀವೊಬ್ಬರೇ ಅಂತೆ. ಇನ್ನೂ ಮೂರು ತಿಂಗಳು. ಜೊತೆಗೆ ಇನ್ನೊಬ್ಬರನ್ನು ನೋಡಿ ಕಳಿಸ್ತಾರಂತೆ. ನೀವು ಬರೋ ದಾರಿಗೆ ನನ್ನ ಕೈಯಾರೆ ನಾನೇ ಬೇಲಿ ಹಾಕಿದೆ. ತಪ್ಪು ಮಾಡಿದೆ ಅನ್ನಿಸೋದಿಲ್ಲ, ಸರಿ ಮಾಡಿದೆ ಅಂತ ಖುಷಿಯೂ ಆಗೋದಿಲ್ಲ. ಬಟ್ಟೆ ಮಡಚುವಾಗ ನಿಮ್ಮದು ಒಂದೂ ಇರೋದಿಲ್ಲವಲ್ಲ, ಕೆಲಸ ಬೇಗ ಮುಗಿದುಹೋಗುತ್ತೆ. ಅದೇ ಕಷ್ಟ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಗುಬ್ಬಿಯ ಮುತ್ತು ಈ ಕಾಗದದ ಮೂಲೆಯಲ್ಲಿದೆ, ಒದ್ದೆಯಾಗಿರೋ ಜಾಗ ನೋಡಿ. ಮೊಣಕಾಲಿಗೆ ಎಣ್ಣೆ ಹಚ್ಚೋದು ಮರೀಬೇಡಿ.

ನಿಮ್ಮವಳೇ,
ಗುಬ್ಬಿಯಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮ ಜೊತೆಗೆ ಯಾರು ಹೋಗ್ತೀರಿ ಅಂತ ಸಾಹೇಬರು ನಿನ್ನೆ ಕೇಳಿದಾಗ ನಾನು ಕೈ ಎತ್ತಿಬಿಟ್ಟಿದ್ದೆ. ಅತ್ತೆಗೆ ಹೇಳೋಕೆ ಧೈರ್ಯ ಬರದೆ ನಿಮಗೂ ಬರೆದಿರಲಿಲ್ಲ. ಈಗ ಹೇಳಿದೆ. "ಹೋಗಿ ಬಾರೇ, ಮೊಮ್ಮಗಳನ್ನ ನಾನೇನು ಕಚ್ಚಿ ತಿಂತೀನಾ?" ಅಂದುಬಿಟ್ಟರು. ಇಪ್ಪತ್ತು ದಿನ ಇರೋ ಹಾಗೆ ಬರ್ತಿದ್ದೀನಿ. ಗುರುವಾರ ಹನ್ನೊಂದು ಗಂಟೆಯ ಬಸ್ಸು, ನಿಲ್ದಾಣಕ್ಕೆ ಬನ್ನಿ.